ಮಕ್ಕಳು ನೆರವಿಗೆ ಮುಂದಾಗುವುದು ಯಾವಾಗ?

ಕೇಳುಗರೆಲ್ಲರಿಗೂ ನಮಸ್ಕಾರ.

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆ ಹುಳು ಹಣ್ಣಾದ ದಿನ ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ತಿಳಿಯಾಗಿ, ತಲೆಯೆತ್ತಿ ಆಡಿಸುವ ಹುಳುಗಳನ್ನು ಹೊತ್ತು ಮೀರುವ ಮೊದಲೇ ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಆ ಗಡಿಬಿಡಿಯಲ್ಲಿ ಎರಡು ವರ್ಷದ ಮಗುವೊಂದು ತಾನೂ ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಬಂದರೆ, "ಅತ್ಲಾಗೆ ಹೋಗಮ್ಮ, ಹುಳ ಸತ್ತೋಗುತ್ತೆ" ಎಂದು ಅಜ್ಜಿ ಗದರುತ್ತಾರೆ. ಬೆಳೆಯ ಬೆಲೆ ಬಲ್ಲವರಿಗೆ ಆ ಆತಂಕ ಸಹಜವೇ. ಆದರೂ ಯಾರೂ ಕರೆಯದೆ ಬಂದ ಆ ಕೈಯನ್ನು ಹಾಗೆ ದೂರ ಮಾಡಬಾರದೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ನೆರವಾಗುವ ಮನಸ್ಸು ಬುದ್ಧಿಮಾತಿನಿಂದ ಹುಟ್ಟುವುದಲ್ಲ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಟ್ಟೆ ಒಣಹಾಕುವವರ ಕೈಯಿಂದ ಕ್ಲಿಪ್ಪು ಜಾರಿಬಿದ್ದು ಅವರಿಗೆ ಎಟುಕದಿದ್ದಾಗ, 18 ತಿಂಗಳ ಮಕ್ಕಳು ತಾವಾಗಿಯೇ ಅದನ್ನು ಎತ್ತಿಕೊಟ್ಟವು. ಇಂತಹ ಹಲವು ಸನ್ನಿವೇಶಗಳಲ್ಲಿ ಒಂದರಲ್ಲಾದರೂ ನೆರವಾದ ಮಕ್ಕಳು 24ರಲ್ಲಿ 22. ಬೇಕೆಂದೇ ಎಸೆದ ಕ್ಲಿಪ್ಪನ್ನು ಮಾತ್ರ ಅವು ಹಾಗೆ ಎತ್ತಿಕೊಡಲಿಲ್ಲ. ಇನ್ನೊಬ್ಬರ ಇಂಗಿತವನ್ನು ಅರಿಯುವ ಶಕ್ತಿ ಆ ವಯಸ್ಸಿಗೇ ಇರುತ್ತದೆ.

ಇದೇ ಇಬ್ಬರು 2008ರಲ್ಲಿ ತೋರಿಸಿದ ಇನ್ನೊಂದು ಸಂಗತಿ ತಾಯ್ತಂದೆಯರು ವಿಶೇಷವಾಗಿ ಗಮನಿಸಬೇಕಾದದ್ದು. ನೆರವಾದಾಗಲೆಲ್ಲ ಆಟದ ವಸ್ತುವನ್ನು ಬಹುಮಾನವಾಗಿ ಪಡೆದ 20 ತಿಂಗಳ ಮಕ್ಕಳು, ಅದು ನಿಂತ ಮೇಲೆ, ಏನನ್ನೂ ಪಡೆಯದೆ ನೆರವಾಗಿದ್ದ ಮಕ್ಕಳಿಗಿಂತ ಕಡಿಮೆ ನೆರವಾದವು. ನೀರು ತಂದುಕೊಟ್ಟರೆ ಚಾಕಲೇಟು, ಅಂಗಡಿಗೆ ಹೋಗಿಬಂದರೆ ಐದು ರೂಪಾಯಿ ಎಂಬ ನಮ್ಮ ಮನೆಗಳ ರೂಢಿಯನ್ನು ಇದರ ಜೊತೆಗಿಟ್ಟು ನೋಡಬೇಕು.

ಹಾಗಾದರೆ ಆ ಮನಸ್ಸು ಬೆಳೆಯುವುದು ಎಲ್ಲಿ? ಆರು ಸಮಾಜಗಳ ಮಕ್ಕಳನ್ನು ಹೋಲಿಸಿದ, ಮಾನವಶಾಸ್ತ್ರಜ್ಞರಾದ ವೈಟಿಂಗ್ ದಂಪತಿಯ 1975ರ ಅಧ್ಯಯನದಲ್ಲಿ, ಮನೆಗೆಲಸದಲ್ಲೂ ತಮ್ಮತಂಗಿಯರ ಆರೈಕೆಯಲ್ಲೂ ನಿಜವಾದ ಪಾಲಿದ್ದ ಮಕ್ಕಳೇ ಇತರರಿಗೆ ಹೆಚ್ಚು ಆಸರೆಯಾಗುತ್ತಿದ್ದರು. ಶಾಲೆ ತಪ್ಪಿಸಿ ಮಕ್ಕಳನ್ನು ದುಡಿಮೆಗೆ ಹಚ್ಚುವುದಕ್ಕೆ ಇದು ಸಮರ್ಥನೆಯಲ್ಲ. ಹುಳು ಮುಟ್ಟಲು ಬಾರದ ಕೂಸಿಗೆ ಹಿಪ್ಪುನೇರಳೆ ಎಲೆಯೊಂದನ್ನು ತಟ್ಟೆಗೆ ಹಾಕಲು ಬರುತ್ತದೆ. ಅಷ್ಟು ಪಾಲು ಸಾಕು.

ಸ್ವಲ್ಪ ದೊಡ್ಡವರಾದ ಮೇಲೆ ಮಕ್ಕಳು ಹಿಂಜರಿದರೆ ಮನಸ್ಸು ಕಲ್ಲಾಯಿತೆಂದು ಭಾವಿಸಬೇಕಿಲ್ಲ. ನೆರವಾಗಬಲ್ಲ ಬೇರೆಯವರು ಹತ್ತಿರವಿದ್ದರೆ ಐದು ವರ್ಷದವರೂ ಅವರೇ ಮಾಡಲೆಂದು ಸುಮ್ಮನಿರುತ್ತಾರೆಂದು 2015ರ ಪ್ರಯೋಗವೊಂದು ತಿಳಿಸಿತು. ಆ ಬೇರೆಯವರು ನೆರವಾಗಲಾರದ ಸ್ಥಿತಿಯಲ್ಲಿದ್ದಾಗ ಅದೇ ವಯಸ್ಸಿನವರು ಒಬ್ಬರೇ ಇದ್ದಾಗಿನಷ್ಟೇ ಮುಂದೆ ಬಂದರು. ಆದ್ದರಿಂದ ತುಂಬಿದ ಮನೆಯಲ್ಲಿ "ಯಾರಾದರೂ ಬನ್ರೋ" ಎಂದು ಕೂಗುವುದಕ್ಕಿಂತ, ಒಬ್ಬ ಮಗುವಿನ ಹೆಸರು ಹಿಡಿದು, ಈ ಕೆಲಸ ನಿನ್ನದು ಎಂದು ಒಪ್ಪಿಸುವುದು ಲೇಸು.