ಚೆನ್ನವ್ವ ಎಂಬ ಹೆಸರು

ನಮಸ್ಕಾರ ಕೇಳುಗರೇ. ಚೆನ್ನಾಗಿದ್ದೀರಾ?

ಮೈಸೂರು, ಬೆಂಗಳೂರು ಕಡೆಯವರು ದಿನಕ್ಕೆ ಹತ್ತು ಸಲ ಕೇಳುವ ಈ ಮಾತಿನೊಳಗೆ ಒಂದು ಹೆಣ್ಣುಹೆಸರು ಕೂತಿದೆ. ಚೆನ್ನು ಅಂದರೆ ಸೊಗಸು, ಚೆಲುವು, ಒಳಿತು. ಅದಕ್ಕೆ ಅಮ್ಮ ಸೇರಿದರೆ ಚೆನ್ನಮ್ಮ, ಅವ್ವ ಸೇರಿದರೆ ಚೆನ್ನವ್ವ.

ನಮ್ಮಜ್ಜಿಯ ಹೆಸರು ಚೆನ್ನವ್ವ. ಧಾರವಾಡ ಸೀಮೆಯವಳು. ಮನೆಗೆ ಯಾರು ಬಂದರೂ ‘ಆರಾಮ ಅದೀರಿ?’ ಅನ್ನುತ್ತಿದ್ದಳು, ಪಲ್ಯ ರುಚಿಯಾದರೆ ‘ಚಲೋ ಆಗೇತಿ’. ‘ಚೆನ್ನಾಗಿದೆ’ ಎಂಬ ಮಾತು ಅವಳ ಬಾಯಿಂದ ಬಂದದ್ದು ನನಗೆ ನೆನಪೇ ಇಲ್ಲ. ಆಡುಮಾತಿನಲ್ಲಿ ಬಳಸದ ಪದವನ್ನು ಅವಳು ಹೆಸರಾಗಿ ಜೀವನವಿಡೀ ಹೊತ್ತಿದ್ದಳು. ಇದು ನನಗೆ ಇವತ್ತಿಗೂ ಬೆರಗು.

ಈ ಪದ ಹೆಣ್ಣಿಗೂ ಸಲ್ಲುತ್ತದೆ, ಗಂಡಿಗೂ, ದೇವರಿಗೂ. ಶರಣರಲ್ಲಿ ಮಾದಾರ ಚೆನ್ನಯ್ಯ ಇದ್ದಾರೆ, ಚೆನ್ನಬಸವಣ್ಣ ಇದ್ದಾರೆ. ಅಕ್ಕಮಹಾದೇವಿ ತನ್ನ ದೇವರನ್ನು ಬರೀ ಮಲ್ಲಿಕಾರ್ಜುನ ಎನ್ನದೆ ಚೆನ್ನಮಲ್ಲಿಕಾರ್ಜುನ ಎಂದಳು. ಬೇಲೂರಿನಲ್ಲಿ ನಿಂತವನು ಚೆನ್ನಕೇಶವ. ತುಳುನಾಡಿನ ಅವಳಿ ವೀರರಲ್ಲಿ ಕೋಟಿಯ ಜೊತೆಗಿರುವವನು ಚೆನ್ನಯ. ಹೆಣ್ಣುಮಕ್ಕಳಿಗೋ ಚೆನ್ನಕ್ಕ, ಚೆನ್ನಬಸಮ್ಮ, ಚೆನ್ನಾಜಮ್ಮ, ಮುದ್ದಿಗೆ ಚೆನ್ನಿ.

ಅರಸಿಯರಿಗೂ ಇದು ಒಗ್ಗಿದ ಹೆಸರು. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದರು. ಮುಂದಿನ ಶತಮಾನದಲ್ಲಿ ಕೆಳದಿಯ ಚೆನ್ನಮ್ಮ ಸುಮಾರು 25 ವರ್ಷ ರಾಜ್ಯವಾಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ಇನ್ನು ಕಾಕತಿಯಲ್ಲಿ ಹುಟ್ಟಿ ಕಿತ್ತೂರಿಗೆ ಸೊಸೆಯಾಗಿ ಬಂದ ಚೆನ್ನಮ್ಮ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದ. ಡಿಸೆಂಬರಿನಲ್ಲಿ ಕೋಟೆ ಇಂಗ್ಲಿಷರ ವಶವಾಯಿತು. ರಾಣಿ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು.

ಇವತ್ತು ಹುಬ್ಬಳ್ಳಿಯ ದೊಡ್ಡ ವೃತ್ತಕ್ಕೆ ಅವಳ ಹೆಸರಿದೆ, ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಇದೆ, ರೈಲಿಗೂ ಇದೆ. ‘ಚೆನ್ನಮ್ಮಾ ಸರ್ಕಲ್, ಚೆನ್ನಮ್ಮಾ ಸರ್ಕಲ್’ ಎಂದು ಆಟೋದವರು ಕೂಗುವುದನ್ನು ಕೇಳಿದಾಗಲೆಲ್ಲ ನನಗೆ ಅಜ್ಜಿಯನ್ನೇ ಕರೆದಂತಾಗುತ್ತದೆ. ಆದರೆ ಅಂಗನವಾಡಿಯ ಬಾಗಿಲಲ್ಲಿ ನಿಂತು ‘ಚೆನ್ನವ್ವಾ’ ಎಂದು ಕೂಗಿದರೆ ಓಡಿ ಬರುವ ಮಗು ಸಿಗುವುದು ಕಷ್ಟ. ನಾವು ಈ ಹೆಸರನ್ನು ಪ್ರತಿಮೆಗೆ ಕೊಟ್ಟು ತೊಟ್ಟಿಲಿನಿಂದ ತೆಗೆದುಬಿಟ್ಟೆವು. ಹಳೆಯದು, ಹಳ್ಳಿಯದು ಎಂಬ ಸಂಕೋಚ. ಇದು ನನಗೆ ನೋವಿನ ಸಂಗತಿ.

ಕಾಗದಗಳೂ ಈ ಹೆಸರನ್ನು ಕಾಡಿಸಿವೆ. ಅಜ್ಜಿ ರೇಷನ್ ಕಾರ್ಡಿನಲ್ಲಿ ಚೆನ್ನಮ್ಮ, ಹೊಲದ ಪಹಣಿಯಲ್ಲಿ ಚನ್ನವ್ವ. ಇಂಗ್ಲಿಷಿನಲ್ಲಿ ಒಂದು ಕಡೆ ‘ಎ’, ಇನ್ನೊಂದು ಕಡೆ ‘ಇ’. ಇವೆಲ್ಲ ಒಬ್ಬಳದೇ ಹೆಸರು ಎಂದು ಒಪ್ಪಿಸಲು ಅವಳು ಪಿಂಚಣಿಗಾಗಿ ಒಂದು ಕಚೇರಿಗೆ ನಾಲ್ಕು ತಿಂಗಳು ಅಲೆದಳು. ಚೆ, ಚ ಎರಡೂ ಬಳಕೆಯಲ್ಲಿವೆ, ಎರಡೂ ಸರಿ. ಅವ್ವ ಎಂದರೂ ಅಮ್ಮ ಎಂದರೂ ತಾಯಿಯೇ ತಾನೆ? ಬರೆದುಕೊಳ್ಳುವವರು ಒಂದು ಗಳಿಗೆ ನಿಂತು ‘ಹೆಂಗ ಬರೀಲಿ ಅಜ್ಜಿ?’ ಎಂದು ಕೇಳಿದ್ದರೆ ಸಾಕಿತ್ತು.

ಹೋದ ವರ್ಷ ನನ್ನ ತಮ್ಮನಿಗೆ ಮಗಳು ಹುಟ್ಟಿದಳು. ಜನನ ಪತ್ರದಲ್ಲಿ ಈ ಕಾಲಕ್ಕೆ ಒಪ್ಪುವ ಎರಡಕ್ಷರದ ಹೆಸರಿದೆ. ತೊಟ್ಟಿಲ ದಿನ ಸೋದರತ್ತೆಯಾಗಿ ಕಿವಿಯಲ್ಲಿ ಹೆಸರು ಹೇಳುವ ಸರದಿ ನನ್ನದು. ಪತ್ರದಲ್ಲಿದ್ದ ಹೆಸರನ್ನು ಒಂದು ಸಲ ಹೇಳಿದೆ. ಆಮೇಲೆ ಇನ್ನಷ್ಟು ಬಗ್ಗಿ, ಯಾರಿಗೂ ಕೇಳದ ಹಾಗೆ, ಮೂರು ಸಲ ಚೆನ್ನವ್ವ ಎಂದೆ. ಈಗ ಮನೆಯಲ್ಲಿ ಎಲ್ಲರೂ ಅವಳನ್ನು ಚೆನ್ನಿ ಅನ್ನುತ್ತಾರೆ.

ನಮಸ್ಕಾರ.