ಭಾರದ ಗುಂಡು ಮೇಲೆ, ಹಗುರದ್ದು ಕೆಳಗೆ

ಈ ಪೇಪರ್ ನೋಡಿ. ಮಧ್ಯದ ಕಪ್ಪು ಚುಕ್ಕೆಯ ಸುತ್ತ ಐದು ತೂತು. ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಇನ್ನೂ ಐದು. ರಿವಾಲ್ವರ್ ಒಂದೇ, ಹೊಡೆದವನು ನಾನೇ, ಗುರಿ ಇಟ್ಟಿದ್ದು ಅದೇ ಚುಕ್ಕೆಗೆ, ದೂರ 15 ಗಜ. ಬದಲಾಗಿದ್ದು ಗುಂಡಿನ ತೂಕ. ಮೇಲಿನವು 158 ಗ್ರೇನ್, ಅಂದರೆ ಸುಮಾರು 10 ಗ್ರಾಂ. ಕೆಳಗಿನವು 110 ಗ್ರೇನ್, 7 ಗ್ರಾಂ ಚಿಲ್ಲರೆ.

ಹೌದು, ಭಾರದ್ದೇ ಮೇಲೆ ಬಿದ್ದಿದೆ. ನಾನು ಮಡಿಕೇರಿ ಕಡೆಯವನು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿಕೊಂಡೇ ಬೆಳೆದವನು. ಆದರೂ ಇಲ್ಲಿ ಅರಿಝೋನಾದಲ್ಲಿ ಈ ಪುಟ್ಟ ಗನ್ ಕೈಗೆ ಬರುವ ತನಕ ಇದು ನನಗೆ ಗೊತ್ತಿರಲಿಲ್ಲ. ತಾತನ ಜೋಡಿ ನಳಿಗೆ ಕೋವಿ ಮೂರು ಕೆಜಿ ತೂಗುತ್ತಿತ್ತು. ಇದು ಸ್ಮಿತ್ ಅಂಡ್ ವೆಸನ್ 642, ಅಲ್ಯೂಮಿನಿಯಂ ಫ್ರೇಮ್, ಖಾಲಿ ಇದ್ದಾಗ 400 ಗ್ರಾಂ ಚಿಲ್ಲರೆ ಅಷ್ಟೇ. ನಳಿಗೆ ಎರಡು ಇಂಚೂ ಇಲ್ಲ.

ಭಾರದ್ದು ನಿಧಾನ, ಹಾಗಾದರೆ ಅದೇ ಕೆಳಗೆ ಇಳಿಯಬೇಕು ಅಲ್ವಾ? ಇಳಿಯುತ್ತದೆ. ಆದರೆ 15 ಗಜದಲ್ಲಿ ಆ ವ್ಯತ್ಯಾಸ ಕಾಲು ಇಂಚಿನ ಆಸುಪಾಸು. ಆಟ ನಡೆಯುವುದು ಗುಂಡು ಇನ್ನೂ ನಳಿಗೆಯ ಒಳಗೆ ಇರುವಾಗ.

ನಿಂತ ನೀರಿನಲ್ಲಿ ಒಂದು ಸಣ್ಣ ದೋಣಿ. ನೀವು ಅದರಲ್ಲಿ ಈ ತುದಿಯಿಂದ ಆ ತುದಿಗೆ ನಡೆದರೆ ದೋಣಿ ಹಿಂದಕ್ಕೆ ಸರಿಯುತ್ತದೆ. ಮೆಲ್ಲಗೆ ನಡೆದರೂ ಓಡಿದರೂ ಸರಿಯುವ ದೂರ ಹೆಚ್ಚುಕಮ್ಮಿ ಅಷ್ಟೇ. ನಡೆಯುವವರ ತೂಕ ಜಾಸ್ತಿ ಇದ್ದರೆ ಜಾಸ್ತಿ ಸರಿಯುತ್ತದೆ, ದೋಣಿ ಹಗುರ ಇದ್ದರೆ ಇನ್ನೂ ಜಾಸ್ತಿ. ನಳಿಗೆಯಲ್ಲಿ ಓಡುವ ಗುಂಡಿನದ್ದೂ ಇದೇ ಲೆಕ್ಕ. ನಳಿಗೆ ನಮ್ಮ ಹಿಡಿತಕ್ಕಿಂತ ಮೇಲೆ ಇರುವುದರಿಂದ ಗನ್ ಸುಮ್ನೆ ಹಿಂದೆ ಸರಿಯುವುದಿಲ್ಲ, ಮೂತಿ ಮೇಲೆತ್ತುತ್ತದೆ, ಮತ್ತು ಗುಂಡು ಹೊರಗೆ ಬರುವಷ್ಟರಲ್ಲಿ ಅದು ಎಷ್ಟು ಎದ್ದಿದೆಯೋ ಅದರ ಮೇಲೆ ತೂತು ಎಲ್ಲಿ ಬೀಳುತ್ತದೆ ಅನ್ನುವುದು ನಿಂತಿದೆ.

ಇಲ್ಲಿ ಹತ್ತಿರದಿಂದ ತೋರಿಸುತ್ತೇನೆ. ಗನ್ ಖಾಲಿ, ಎರಡು ಸಲ ನೋಡಿದ್ದೇನೆ. ಗುರಿ ಹಿಡಿಯಲು ಗನ್ ಮೇಲೆ ಹಿಂದೊಂದು ಮುಂದೊಂದು ಗುರುತು ಇರುತ್ತದೆ, ಅದಕ್ಕೆ ಸೈಟ್ ಅಂತಾರೆ. ಹಿಂದಿನ ಸೈಟ್ ಅಂದರೆ ಫ್ರೇಮ್ ಮೇಲೆ ಕೊರೆದ ಒಂದು ತೋಡು. ಮುಂದಿನದು ಎಷ್ಟು ಎತ್ತರ ಇದೆ ನೋಡಿ. ಎರಡನ್ನೂ ಚುಕ್ಕೆಗೆ ಕೂಡಿಸಿದಾಗ ನಳಿಗೆ ಚುಕ್ಕೆಗಿಂತ ಕೆಳಗೆ ನೋಡುತ್ತದೆ. ಮಾಡಿದವರು ಎಗರುವುದನ್ನು ಮೊದಲೇ ಲೆಕ್ಕ ಹಿಡಿದಿದ್ದಾರೆ. ಹಗುರ ಗುಂಡು ಹಾಕಿದರೆ ಮೂತಿ ಅಷ್ಟು ಏಳುವ ಮೊದಲೇ ಅದು ಹೊರಟುಹೋಗುತ್ತದೆ. ಈ ಸೈಟ್ ತಿರುಗಿಸಿ ಸರಿ ಮಾಡಲು ಸ್ಕ್ರೂ ಇಲ್ಲ, ಹಾಗಾಗಿ ಸೈಟ್‌ಗೆ ಒಗ್ಗುವ ಗುಂಡನ್ನು ನಾವೇ ಹುಡುಕಬೇಕು. ಅಭ್ಯಾಸಕ್ಕೆ ಒಂದು ತೂಕ, ಜೊತೆಗೆ ಇಟ್ಟುಕೊಳ್ಳಲು ಇನ್ನೊಂದು ಅಂತ ಮಾಡುವವರನ್ನು ಶೂಟಿಂಗ್ ರೇಂಜ್‌ನಲ್ಲಿ ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅಂದಹಾಗೆ, ಪರೀಕ್ಷೆ ಮಾಡುವಾಗ ಗನ್ನನ್ನೇ ಮರಳು ಚೀಲದ ಮೇಲೆ ಒರಗಿಸಬೇಡಿ, ಎಗರುವ ರೀತಿಯೇ ಬದಲಾಗುತ್ತದೆ. ಮುಂಗೈ ಮಾತ್ರ ಊರಿ.

ಹಾಗಂತ ಭಾರದ್ದೇ ಸರಿ ಅಂತಲೂ ಅಲ್ಲ. ಭಾರದ ಗುಂಡಿಗೆ ಹಗುರ ಗನ್ ಜೋರಾಗಿ ಹಿಂದಕ್ಕೆ ಒದ್ದಾಗ, ಒಳಗೆ ಕಾಯುತ್ತಿರುವ ತೋಟೆಗಳು ಅದರ ಜೊತೆ ಹಿಂದೆ ಹೋಗುತ್ತವೆ, ಅವುಗಳ ತುದಿಯ ಗುಂಡು ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಹೀಗೆ ಅದು ಮುಂದಕ್ಕೆ ಜಾರಿ ಸಿಲಿಂಡರ್‌ನಿಂದ, ಅಂದರೆ ತೋಟೆಗಳು ಕೂರುವ ತಿರುಗುವ ಉರುಳೆಯಿಂದ, ಹೊರಗೆ ಇಣುಕಿದರೆ ಸಿಲಿಂಡರ್ ತಿರುಗುವುದೇ ಇಲ್ಲ. ಅದಕ್ಕೇ ನಾಲ್ಕು ಹೊಡೆದು, ಐದನೆಯದನ್ನು ತೆಗೆದು ಡಬ್ಬಿಯ ಹೊಸದರ ಪಕ್ಕ ನಿಲ್ಲಿಸುತ್ತೇನೆ. ಇದು ನೋಡಿ, ಒಂದು ಉಗುರಿನ ದಪ್ಪದಷ್ಟು ಮುಂದೆ ಬಂದಿದೆ. ಈ ಡಬ್ಬಿ ನಾನು ಮತ್ತೆ ಕೊಳ್ಳುವುದಿಲ್ಲ.

ಈಗ ಹೊಸ ಪೇಪರ್ ಅಂಟಿಸಿ 130 ಗ್ರೇನ್ ಹಾಕುತ್ತಿದ್ದೇನೆ. ಚುಕ್ಕೆಯಿಂದ ಎರಡು ಬೆರಳು ಕೆಳಗೆ ಅಂತ ನನ್ನ ಲೆಕ್ಕ.