ಆ 8 ಪರ್ಸೆಂಟ್ ಎಲ್ಲಿಂದ ಬಂತು?

ನಮಸ್ಕಾರ್ರೀ. ಇವತ್ತ ಟೇಬಲ್ ಮ್ಯಾಲ ಎರಡು ಗ್ಲಾಸ್ ಅದಾವ. ಒಂದರಾಗ ಬೆಳಗಾವಿಯಾಗ ಯಾವ ಬಾರಿಗೆ ಹೋದ್ರೂ ಸಿಗೂವಂಥ ಸ್ಟ್ರಾಂಗ್ ಬಿಯರ್. ಇನ್ನೊಂದರಾಗ ಜರ್ಮನಿಯಿಂದ ಗೆಳೆಯಾ ತಂದುಕೊಟ್ಟ ಅಲ್ಲಿಯ ಗಟ್ಟಿ ಬಿಯರ್, ಡೊಪ್ಪೆಲ್‌ಬಾಕ್. ಎರಡರ ಲೇಬಲ್ ಮ್ಯಾಲೂ ಆಲ್ಕೋಹಾಲ್ 8 ಪರ್ಸೆಂಟಿನ ಆಜೂಬಾಜೂ. ಆದ್ರ ಒಂದು ತಿಳಿ ಹಳದಿ, ಇನ್ನೊಂದು ಕೆಂಪು ಮಿಶ್ರಿತ ಕಂದು. ನಮ್ಮ ಮಂದಿ ಬಿಯರ್ ತೊಗೊಳ್ಳುವಾಗ ಕೇಳೂದು ಒಂದ ಪ್ರಶ್ನಿ: ಎಷ್ಟು ಪರ್ಸೆಂಟ್ ಐತಿ? ನಾ ಹೇಳೂದು ಏನಂದ್ರ, ಆ ಪರ್ಸೆಂಟ್ ಎಲ್ಲಿಂದ ಬಂತು ಅಂತ ಕೇಳ್ರಿ. ಕಾಳಿನಿಂದ ಬಂತೋ, ಸಕ್ಕರಿಯಿಂದ ಬಂತೋ?

ನಮ್ಮ ದೇಶದ ಲೆಕ್ಕದಾಗ 5 ಪರ್ಸೆಂಟ್ ದಾಟಿದ್ರ ಸ್ಟ್ರಾಂಗ್, 8ಕ್ಕ ಮಿತಿ. ಆ 8 ಮುಟ್ಟಾಕ ಎರಡು ದಾರಿ. ಒಂದು, ಹೆಚ್ಚು ಬಾರ್ಲಿ ಮಾಲ್ಟ್, ಅಂದ್ರ ಮೊಳಕಿ ಬರಿಸಿ ಒಣಗಿಸಿದ ಬಾರ್ಲಿ, ಹಾಕೂದು. ಅದಕ್ಕ ರೊಕ್ಕ ಭಾಳ ಬೇಕು. ಇನ್ನೊಂದು, ಮಾಲ್ಟ್ ಕಡಿಮಿ ಮಾಡಿ ಅಕ್ಕಿ, ಗೋವಿನಜೋಳ, ಸಕ್ಕರಿ ಸೇರಿಸೂದು. ಇದು ಅಗ್ಗ. ಸಕ್ಕರಿ ಅಂದ್ರ ಯೀಸ್ಟಿಗೆ ಹಬ್ಬ, ಒಂಚೂರೂ ಬಿಡದಂಗ ತಿಂದು ಆಲ್ಕೋಹಾಲ್ ಮಾಡಿಬಿಡ್ತೈತಿ. ಗ್ಲಾಸಿನ್ಯಾಗ ಉರಿ ಉಳಿತೈತಿ, ಮೈ ಉಳಿಯೂದಿಲ್ಲ. ಮಾಲ್ಟಿನ್ಯಾಗ ಹಂಗಲ್ಲ. ಅದರಾಗ ಯೀಸ್ಟಿಗೆ ಅರಗದ ಡೆಕ್ಸ್‌ಟ್ರಿನ್ ಅನ್ನೂ ಅಂಶ ಇರ್ತಾವ, ಅವು ಹಿಂದ ಉಳಿದು ಬಾಯಾಗ ಒಂದು ದಪ್ಪ ಕೊಡ್ತಾವ. ಕಬ್ಬಿನ ಸೀಮಿಯಂವ ನಾನು, ಸಕ್ಕರಿ ಮ್ಯಾಲ ನನಗೇನೂ ಸಿಟ್ಟಿಲ್ಲ. ಆದ್ರ ಅದರ ಜಾಗಾ ಚಹಾದಾಗ.

ಇನ್ನ ಈ ಬಣ್ಣದ ವಿಷಯ. ಬಾರ್ಲಿ ನೆನಿಸಿ, ಮೊಳಕಿ ಬರಿಸಿ, ಒಣಗಸ್ತಾರ. ಸಾದಾ ಮಾಲ್ಟ್ 80–85 ಡಿಗ್ರಿಯಾಗ ಒಣಗಿದ್ರ, ಡೊಪ್ಪೆಲ್‌ಬಾಕಿಗೆ ಹಾಕೂ ಮ್ಯೂನಿಕ್ ಮಾಲ್ಟಿಗೆ 100 ಡಿಗ್ರಿ ದಾಟಸ್ತಾರ. ಆ ಬಿಸಿಯಾಗ ಕಾಳಿನೊಳಗಿನ ಸಕ್ಕರಿ ಅಂಶ, ಪ್ರೋಟೀನಿನ ಅಂಶ ಎರಡೂ ಕೂಡಿ ಹೊಸ ಬಣ್ಣ, ಹೊಸ ವಾಸನಿ ಹುಟ್ಟಸ್ತಾವ. 1912ರಾಗ ಇದನ್ನ ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯ್ಯಾರ್ ಹೆಸರಲೇ ಆ ಕ್ರಿಯಾಕ್ಕ ಕರೀತಾರ. ನಮ್ಮ ಬೆಳಗಾವಿ ಕುಂದಾ ಕಂದು ಆಗೂದೂ ಇದ ಕ್ರಿಯಾದಿಂದ. ಹಾಲು ಕಾಯಿಸಿ ಕಾಯಿಸಿ ಬತ್ತಿಸಿದಾಗ ಬರೂ ಆ ಘಮ, ಅದು ಬರೇ ಸಕ್ಕರಿದು ಅಲ್ಲ. ಕುಂದಾ ಚಲೋ ಐತೋ ಇಲ್ಲೋ ಅಂತ ವಾಸನಿ ಮ್ಯಾಲ ಹೇಳೂ ಮಂದಿ ನಾವು. ಬಿಯರ್ ಬಂದ್ರ ಮಾತ್ರ ಮೂಗು ಮುಚ್ಚಿ ಒಂದ ಸಲ ಗಟಗಟ ಯಾಕ?

ಉತ್ತರ ನನಗ ಗೊತ್ತೈತಿ. ನಮ್ಮ ಬಾರಿನ್ಯಾಗ ಬಿಯರ್ ಬರೂದು ಬಾಟ್ಲಿ ಹೊರಗ ಬರ್ಫ ಹತ್ತಿರ್ತೈತಿ ಅನ್ನೂವಷ್ಟು ಥಂಡ. ಅಷ್ಟು ಥಂಡ ಇದ್ದಾಗ ವಾಸನಿ ಮ್ಯಾಲ ಏಳೂದಿಲ್ಲ, ನಾಲಿಗಿ ಜೋಮು ಹಿಡೀತೈತಿ. ಒಳಗ ಏನೂ ಇಲ್ಲದ ಬಿಯರಿಗೆ ಅದು ದೊಡ್ಡ ಉಪಕಾರ. ಡೊಪ್ಪೆಲ್‌ಬಾಕಿನಂಥದ್ದಕ್ಕ 8ರಿಂದ 12 ಡಿಗ್ರಿ ಬೇಕು. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗ ಇಡ್ರಿ. ವಿಜಯಪುರದ ಏಪ್ರಿಲ್ ಬಿಸಲಿನ್ಯಾಗ ಇಡಬ್ಯಾಡ್ರಿ ಮತ್ತ, ಐದು ನಿಮಿಷಕ್ಕ ಕಷಾಯ ಆಕ್ಕೈತಿ.

ಈಗ ಈ ಡೊಪ್ಪೆಲ್‌ಬಾಕಿನ ಗ್ಲಾಸ್ ನೋಡೂಣು. ಬೆಳಕಿಗೆ ಹಿಡಿದ್ರ ಸ್ವಚ್ಛ ಐತಿ, ತಳದಾಗ ಮಾಣಿಕ್ಯದ ಕೆಂಪು. ನೊರಿ ದಪ್ಪ, ಜಲ್ದಿ ಇಳ್ಯಾಕತ್ತಿಲ್ಲ. ಕುಡಿಯೂಕಿಂತ ಮೊದ್ಲ ಮೂಗು. ಬ್ರೆಡ್ಡಿನ ಸುಟ್ಟ ಅಂಚು, ಹುರಿದ ಕಾಳು, ಒಂಚೂರು ಒಣದ್ರಾಕ್ಷಿ. ಒಣದ್ರಾಕ್ಷಿ ಮಾಡೂ ತಿಕೋಟಾ ಕಡಿಯಾವರು ಇದನ್ನ ನನಗಿಂತ ಮೊದ್ಲ ಹಿಡೀತಾರ. ಒಂದು ಗುಟುಕು ತೊಗೊಂಡು, ನುಂಗಿದ ಮ್ಯಾಲ ಮೂಗಿನಿಂದ ಉಸಿರು ಬಿಡ್ರಿ. ಅರ್ಧ ರುಚಿ ಇರೂದು ಅಲ್ಲೇ. ಬಾಯಿ ತುಂಬ ಬರ್ತೈತಿ, ಕಹಿ ಭಾಳ ಕಡಿಮಿ, ಆಲ್ಕೋಹಾಲ್ ಗಂಟಲಿಗೆ ಚುಚ್ಚೂದಿಲ್ಲ, ಎದಿಗೆ ಇಳಿದ ಮ್ಯಾಲ ಬೆಚ್ಚಗ ಅನಸ್ತೈತಿ. ತಣ್ಣನ ಜಾಗಾದಾಗ ಹುದುಗಿಸಿ, ಆಮ್ಯಾಲ ಸೊನ್ನಿ ಡಿಗ್ರಿ ಹತ್ರ ವಾರಗಟ್ಟಲೆ ಇಟ್ಟಿದ್ದಕ್ಕ ಈ ನುಣುಪು.

ತಪ್ಪೂ ಹುಡುಕಬೇಕಲ್ಲ. ಹಸಿ ರಟ್ಟಿನ ವಾಸನಿ ಬಂದ್ರ ಗಾಳಿ, ಬಿಸಿ ಎರಡೂ ತಾಗಿ ಹಳೇದಾಗೈತಿ ಅಂತ ಅರ್ಥ. ದೂರದಿಂದ ಬಂದ ಬಾಟ್ಲಿಯಾಗ ಇದು ಬರೂದ. ಬೆಣ್ಣಿ ವಾಸನಿ ಬಂದ್ರ ಯೀಸ್ಟಿಗೆ ಕೆಲಸ ಮುಗಿಸಾಕ ಟೈಮ್ ಕೊಟ್ಟಿಲ್ಲ. ಇದರಾಗ ಎರಡೂ ಇಲ್ಲ. ಆದ್ರ ಕೊನಿಗೆ ಸಿಹಿ ಅಂಟಿಕೊಂಡು ಉಳೀತೈತಿ, ಅಲ್ಲಿ ನಾ ಮಾರ್ಕ್ಸ್ ಕಡಿತೀನಿ. ಮಾಲ್ಟ್ ಭಾಳ ಇದ್ರೂ ಕೊನಿಗೆ ಒಣಾ ಆಗಿ ಮುಗಿಯೂ ಬಿಯರ್ ಅದಾವ, ನನಗ ಅವು ಮ್ಯಾಲ.

ಮ್ಯೂನಿಕ್ಕಿನ ಪೌಲಾನರ್ ಸನ್ಯಾಸಿಗಳು ಉಪವಾಸದ ದಿನಾ ಇಂಥದ್ದನ್ನ ರೊಟ್ಟಿ ಬದಲಿ ಕುಡೀತಿದ್ರು ಅನ್ನೂ ಕತಿ ಎಲ್ಲಾರೂ ಹೇಳ್ತಾರ. ಅವರ ಸಾಲ್ವಾಟೋರ್ ಅನ್ನೂ ಬಿಯರ್ ನೋಡಿ ಉಳಿದವರೂ ತಮ್ಮ ಬಿಯರಿಗೆ ‘ಆಟೋರ್’ ಅಂತ ಬಾಲ ಹಚ್ಚಿದ್ರು. ಕತಿ ಚಲೋ ಐತಿ, ಕತಿಗೆ ಮಾರ್ಕ್ಸ್ ಇಲ್ಲ.

ಊಟದ ಜೋಡಿ? ಸಾವಜಿ ಮಟನ್ ಬ್ಯಾಡ್ರಿ. ಸಿಹಿ ಬಿಯರ್ ಖಾರಾ ಇಳಸ್ತೈತಿ ಅಂತಾರ, ಆದ್ರ ಇಷ್ಟು ಆಲ್ಕೋಹಾಲ್ ಇದ್ರ ಉರಿ ಏರ್ತೈತಿ. ಎಳ್ಳು ಹಚ್ಚಿದ ಖಡಕ್ ಸಜ್ಜಿ ರೊಟ್ಟಿ, ಮ್ಯಾಲ ಬೆಣ್ಣಿ, ಬಾಜೂಕ ಸುಟ್ಟ ಬದನಿಕಾಯಿ. ಹುರಿದ ಎಳ್ಳು, ಹುರಿದ ಮಾಲ್ಟ್ ಒಂದಕ್ಕೊಂದು ಕೈ ಹಿಡೀತಾವ.

‘ಅಷ್ಟೆಲ್ಲಾ ಬಿಡಪ್ಪಾ, ಕಿಕ್ ಐತೇನು?’ ಅಂತ ಕಮೆಂಟ್ ಬರ್ತೈತಿ. ಲೆಕ್ಕಾ ತೊಗೊಳ್ರಿ. 650 ಎಂ.ಎಲ್. ಬಾಟ್ಲಿ, 8 ಪರ್ಸೆಂಟ್, ಅಂದ್ರ ಶುದ್ಧ ಆಲ್ಕೋಹಾಲ್ 52 ಎಂ.ಎಲ್. ನಮ್ಮ ವಿಸ್ಕಿ 42.8 ಪರ್ಸೆಂಟ್, 60ರ ಪೆಗ್ಗಿನ್ಯಾಗ ಸುಮಾರು 26. ಅಂದ್ರ ‘ಬರೇ ಒಂದು ಬಿಯರ್’ ಅಂತ ಹೇಳಿ ಎರಡು ಲಾರ್ಜ್ ಹಾಕಿ ಬೈಕ್ ಹತ್ತತೀರಿ. ಕಿಕ್ ಎರಡರಾಗೂ ಅಷ್ಟ.

ನನ್ನ ತೀರ್ಪು: ಡಿಸೆಂಬರಿನ ಬೆಳಗಾವಿ ಥಂಡಿಯಾಗ, ಇಬ್ಬರ ನಡುವ ಒಂದು ಬಾಟ್ಲಿ, ಹತ್ತಕ್ಕ ಎಂಟು. ಬ್ಯಾಸಗಿ ಬಾಗಲಕೋಟಿಯಾಗ ಇದನ್ನ ನಾ ಮುಟ್ಟೂದಿಲ್ಲ. ಅಲ್ಲಿಗೆ ಇದ ಜಾತಿಯ ಹಗುರ ತಮ್ಮ, 5 ಪರ್ಸೆಂಟಿನ ಹತ್ರದ ವಿಯೆನ್ನಾ ಲಾಗರ್ (ಇದೂ ತಣ್ಣಗ ಹುದುಗಿಸಿದ್ದ) ಬೇಕು. ಇಲ್ಲಿ ಬಿಯರ್ ಮಾಡಾವರು ಯಾರರ ಸಕ್ಕರಿ ಮುಟ್ಟದ ಅದನ್ನ ಮಾಡಿದ್ರ, ಮೊದಲ ಕ್ರೇಟ್ ನಂದು.